ಟ್ರಕ್ ಕ್ಯಾಬಿನ್‌ನಿಂದ ಕ್ಯಾಂಪರ್‌ಗೆ ನೀರು ಸೋರದ ಒಳದಾರಿ ಮಾಡುವ ವಿಧಾನ

ಮಳೆಗಾಲದಲ್ಲಿ ಪುಣೆಯಿಂದ ಗೋವಾಕ್ಕೆ ಸ್ವಂತ ಕ್ಯಾಂಪರ್ (ಟ್ರಕ್ಕಿನ ಹಿಂಭಾಗದಲ್ಲಿ ಕಟ್ಟಿದ ಮಲಗುವ ಕೋಣೆ) ಒಯ್ಯುವವರು ಅಂಬೋಲಿ ಅಥವಾ ಚೋರ್ಲಾ ಘಟ್ಟದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಕ್ಯಾಬಿನ್‌ನಿಂದ ಇಳಿದು ಹಿಂದಿನ ಕೋಣೆಯ ಬಾಗಿಲು ತೆರೆಯುವಷ್ಟರಲ್ಲಿ ಮೈಯೆಲ್ಲ ತೊಯ್ದಿರುತ್ತದೆ. ಚಾಲಕನ ಸೀಟಿನ ಹಿಂದಿನಿಂದಲೇ ಕೋಣೆಯೊಳಗೆ ನುಸುಳುವ ಒಳದಾರಿ ಇದ್ದರೆ ಈ ಪಾಡು ತಪ್ಪುತ್ತದೆ. ಅಪರಿಚಿತ ಜಾಗದಲ್ಲಿ ರಾತ್ರಿ ತಂಗಿದಾಗ ಕೆಳಗಿಳಿಯದೆ ಗಾಡಿ ಹೊರಡಿಸಲೂಬಹುದು. ಆದರೆ ಪುಣೆ, ಮುಂಬೈಗಳ ಶೆಡ್‌ಗಳಲ್ಲಿ ಇಂತಹ ಒಳದಾರಿಯನ್ನು ಬಹುಮಟ್ಟಿಗೆ ಗೋಡೆಗೆ ಕಿಟಕಿ ಕೂರಿಸುವ ಕೆಲಸದಂತೆ ನೋಡುತ್ತಾರೆ. ಎರಡು ತೂತು ಕೊರೆದು, ನಡುವೆ ತಗಡು ಬಡಿದು, ಸುತ್ತ ಸಿಲಿಕಾನ್ ತುಂಬಿದರೆ ಆಯಿತೆಂಬ ಲೆಕ್ಕ ಅವರದು. ಭೋಸರಿಯ ಶೆಡ್‌ಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಕೆಲಸಗಾರರು ಸಾಕಷ್ಟಿದ್ದಾರೆ. "ಸಿಲಿಕಾನ್ ಹಚ್ಚಿ ಬಿಡ್ರೀ ಸರ, ಒಂದ್ ಹನಿ ನೀರ್ ಬರಂಗಿಲ್ಲ" ಎಂದು ಅವರು ಅಭಿಮಾನದಿಂದಲೇ ಹೇಳುತ್ತಾರೆ. ನಿಂತ ಗಾಡಿಯ ಮಟ್ಟಿಗೆ ಆ ಮಾತು ನಿಜ. ಓಡುವ ಗಾಡಿಯಲ್ಲಿ ಮೊದಲು ವಿಚಾರಿಸಬೇಕಾದದ್ದು ಎರಡು ಪೆಟ್ಟಿಗೆಗಳ ನಡುವಿನ ಚಲನೆಯನ್ನು. ಅದನ್ನು ಅಳೆದು ಅದಕ್ಕೆ ಜಾಗ ಕೊಟ್ಟ ಮೇಲೆ ನೀರನ್ನು ತಡೆಯುವುದು ಕಷ್ಟವಲ್ಲ.

ಟ್ರಕ್ಕಿನ ಚಾಸಿ ಎಂದರೆ ಎರಡು ಉದ್ದನೆಯ ಉಕ್ಕಿನ ತೊಲೆಗಳು ಮತ್ತು ಅವನ್ನು ಹಿಡಿದಿಡುವ ಅಡ್ಡ ತೊಲೆಗಳು. ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಉಬ್ಬಿನ ಮೇಲೇರಿದಾಗ ಈ ಚೌಕಟ್ಟು ತಿರುಚಿಕೊಳ್ಳುವಂತೆಯೇ ಅದನ್ನು ರೂಪಿಸಿರುತ್ತಾರೆ. ಹಾಗೆ ತಿರುಚದಿದ್ದರೆ ಅದು ಬಿರುಕು ಬಿಡುತ್ತದೆ. ಕ್ಯಾಬಿನ್ ಅದರ ಮೇಲೆ ರಬ್ಬರ್ ಬುಶ್‌ಗಳ ಮೇಲೆ ಕುಳಿತಿರುತ್ತದೆ, ದೊಡ್ಡ ಗಾಡಿಗಳಲ್ಲಾದರೆ ಸ್ಪ್ರಿಂಗುಗಳ ಮೇಲೆ. ಕ್ಯಾಂಪರ್ ತನ್ನದೇ ಉಪಚೌಕಟ್ಟಿನ ಮೇಲೆ ಬೇರೆಯಾಗಿ ನಿಂತಿರುತ್ತದೆ. ಹೀಗಾಗಿ ಕ್ಯಾಬಿನ್‌ನ ಹಿಂಗೋಡೆ ಮತ್ತು ಕ್ಯಾಂಪರ್‌ನ ಮುಂಗೋಡೆ ಪರಸ್ಪರ ಹತ್ತಿರ ಬರುತ್ತವೆ, ದೂರ ಸರಿಯುತ್ತವೆ, ಮೇಲೆ ಕೆಳಗೆ ಜಾರುತ್ತವೆ, ಎಡಬಲಕ್ಕೆ ವಾಲುತ್ತವೆ. ಐದು ಮಿಲಿಮೀಟರ್ ಅಗಲದ ಸಿಲಿಕಾನ್ ಗೆರೆ ಇಪ್ಪತ್ತು ಮಿಲಿಮೀಟರ್ ಸರಿದಾಟವನ್ನು ತಾಳಲಾರದು. ಅದು ಒಂದು ಬದಿಯಲ್ಲಿ ಕಿತ್ತು ಬರುತ್ತದೆ, ಬಂದ ಜಾಗ ಹೊರಗಿನಿಂದ ಕಾಣುವುದೂ ಇಲ್ಲ. ರೈಲಿನ ಎರಡು ಬೋಗಿಗಳ ನಡುವಿನ ವೆಸ್ಟಿಬ್ಯೂಲ್‌ನಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಗೂಡು ಇರುವುದು ಇದೇ ಕಾರಣಕ್ಕೆ. ನಾವು ಮಾಡಬೇಕಾದದ್ದು ಅದರದೇ ಚಿಕ್ಕ ರೂಪ: ಎರಡೂ ಗೋಡೆಗಳಿಗೆ ಗಟ್ಟಿಯಾದ ಒಂದೊಂದು ಚೌಕಟ್ಟು, ಅವುಗಳ ನಡುವೆ ಸಡಿಲವಾದ ಬೆಲ್ಲೋಸ್, ಅಂದರೆ ಹಿಗ್ಗಿ ಕುಗ್ಗುವ ಬಟ್ಟೆಯ ಗೂಡು.

ಗ್ರೈಂಡರ್ ಮುಟ್ಟುವ ಮೊದಲು

ಕಾನೂನಿನ ಮಾತನ್ನು ಕೊನೆಗೆ ಇಟ್ಟುಕೊಳ್ಳುವವರು ಪೇಚಿಗೆ ಸಿಲುಕುತ್ತಾರೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಆಗಬಹುದು. ಇನ್ನೊಂದೆಡೆ, ಮಲಗುವ ಕೋಣೆಯುಳ್ಳ ವಾಹನಗಳಿಗೆಂದೇ ಎಐಎಸ್-124 ಎಂಬ ಮೋಟಾರ್ ಕ್ಯಾರವಾನ್ ಮಾನದಂಡ ನಮ್ಮಲ್ಲಿದೆ. ಆದ್ದರಿಂದ ಸರಿಯಾದ ಹಾದಿಯೆಂದರೆ ಹಳೆಯ ಸರಕು ಟ್ರಕ್ಕನ್ನು ಕೊಯ್ಯುವುದಕ್ಕಿಂತ ಹೊಸ ಚಾಸಿ ಕೊಂಡು, ನೋಂದಣಿಗೂ ಮುಂಚೆ, ಅನುಮೋದಿತ ಬಾಡಿ ಬಿಲ್ಡರ್ ಮೂಲಕ ಕ್ಯಾರವಾನ್ ಆಗಿಯೇ ಕಟ್ಟಿಸುವುದು. ಪುಣೆಯವರಿಗೆ ಇಲ್ಲಿ ಒಂದು ಅನುಕೂಲವಿದೆ: ವಾಹನ ಪರೀಕ್ಷೆಯ ಅಧಿಕೃತ ಸಂಸ್ಥೆಗಳಾದ ಎಆರ್‌ಎಐ ಮತ್ತು ಸಿಐಆರ್‌ಟಿ ಎರಡೂ ಊರಲ್ಲೇ ಇವೆ, ಒಂದು ಕೋಥರೂಡ್ ಬದಿಯ ಗುಡ್ಡದ ಮೇಲೆ, ಇನ್ನೊಂದು ಭೋಸರಿಯಲ್ಲಿ. ಕ್ಯಾಬಿನ್‌ನ ಹಿಂಗೋಡೆ ಕೇವಲ ಮರೆಯ ತಗಡಲ್ಲ. ಹಿಂದಿನ ಸರಕು ಮುಂದಕ್ಕೆ ನುಗ್ಗಿದಾಗ ಒಳಗಿದ್ದವರನ್ನು ಕಾಯುವುದು ಅದೇ, ಮತ್ತು ಅದರ ಬಲ ಕ್ಯಾಬಿನ್‌ನ ಸುರಕ್ಷತಾ ಪರೀಕ್ಷೆಯ ಭಾಗವಾಗಿರುತ್ತದೆ. ಅದರಲ್ಲಿ ತೂತು ಕೊರೆಯುವುದಕ್ಕೆ ತಯಾರಕರ ಒಪ್ಪಿಗೆಯನ್ನೂ ಆರ್‌ಟಿಒ ಅನುಮತಿಯನ್ನೂ ಬರವಣಿಗೆಯಲ್ಲಿ ಪಡೆಯಿರಿ. ವಿಮಾ ಕಂಪನಿಗೂ ಮಾರ್ಪಾಟನ್ನು ತಿಳಿಸಿ. ಒಳದಾರಿ ಇದೆಯೆಂದು ಓಡುವ ಗಾಡಿಯಲ್ಲಿ ಜನ ಹಿಂದಿನ ಹಾಸಿಗೆಯ ಮೇಲೆ ಮಲಗಿ ಬರುವಂತಿಲ್ಲ. ಅನುಮೋದಿತ ಸೀಟು ಮತ್ತು ಬೆಲ್ಟ್ ಇಲ್ಲದ ಜಾಗದಲ್ಲಿ ಯಾರೂ ಕೂರಬಾರದು.

ಯಾವ ಗಾಡಿ ಎಂಬುದರ ಮೇಲೆ ಕೆಲಸದ ಸ್ವರೂಪ ಬದಲಾಗುತ್ತದೆ. ಟಾಟಾ 407ರ ಎಸ್‌ಎಫ್‌ಸಿ ಮಾದರಿಯಂತೆ ಮೂತಿ ಮುಂದಕ್ಕೆ ಚಾಚಿದ, ಕ್ಯಾಬಿನ್ ಬಾಗದ ಗಾಡಿ ಎಲ್ಲಕ್ಕಿಂತ ಸುಲಭ. ಇಸುಜು ವಿ-ಕ್ರಾಸ್ ಅಥವಾ ಟೊಯೋಟಾ ಹೈಲಕ್ಸ್‌ನಂತಹ ಪಿಕಪ್‌ಗಳಲ್ಲಿ ಹಿಂದಿನ ಗಾಜನ್ನು ತೆಗೆದು ಆ ಜಾಗವನ್ನೇ ಬಳಸಬಹುದು. ಲೋಹ ಕೊಯ್ಯುವ ಪ್ರಮೇಯ ಬರುವುದಿಲ್ಲ, ಆದರೆ ಗಾಜಿನ ಎತ್ತರ ಕಡಿಮೆಯಾದ್ದರಿಂದ ಅದು ಮಕ್ಕಳು, ಸಾಮಾನು ಮತ್ತು ಎಸಿ ಗಾಳಿ ಹೋಗುವ ದಾರಿಯಾಗುತ್ತದೆಯೇ ಹೊರತು ದೊಡ್ಡವರು ದಿನವೂ ನುಸುಳುವ ದಾರಿಯಾಗುವುದಿಲ್ಲ. ಎಂಜಿನ್ ಮೇಲೆಯೇ ಕ್ಯಾಬಿನ್ ಇದ್ದು, ದುರಸ್ತಿಗೆ ಅದನ್ನು ಮುಂದಕ್ಕೆ ಬಾಗಿಸುವ ಗಾಡಿಗಳಲ್ಲಿ ಮಾತ್ರ ಬೆಲ್ಲೋಸನ್ನು ಪ್ರತಿ ಸಲವೂ ಬಿಚ್ಚುವಂತೆ ಮಾಡಬೇಕಾಗುತ್ತದೆ. ಅದರ ಬಗ್ಗೆ ಮುಂದೆ ಹೇಳಿದ್ದೇನೆ.

ಚಲನೆಯ ಅಳತೆ

ಕ್ಯಾಂಪರ್ ಪೂರ್ತಿ ತೂಕದಲ್ಲಿರುವಾಗಲೇ, ಅಂದರೆ ನೀರಿನ ಟ್ಯಾಂಕ್ ತುಂಬಿ, ಬ್ಯಾಟರಿ, ಹಾಸಿಗೆ, ಸಾಮಾನು ಎಲ್ಲ ಏರಿಸಿದ ಮೇಲೆ ಅಳತೆ ತೆಗೆಯಬೇಕು. ಮುಂದೆ ಒಳದಾರಿ ಬರುವ ಜಾಗದ ನಾಲ್ಕು ಮೂಲೆಗಳನ್ನು ಎರಡೂ ಗೋಡೆಗಳ ಮೇಲೆ ಗುರುತಿಸಿ, ಸಮತಟ್ಟಾದ ನೆಲದಲ್ಲಿ ಪ್ರತಿ ಮೂಲೆಯ ಅಂತರವನ್ನು ಬರೆದುಕೊಳ್ಳಿ. ನಂತರ ಎಡ ಮುಂಚಕ್ರವನ್ನೂ ಬಲ ಹಿಂಚಕ್ರವನ್ನೂ ಸುಮಾರು 150 ಮಿ.ಮೀ. ಎತ್ತರದ ಗಟ್ಟಿ ದಿಮ್ಮಿಗಳ ಮೇಲೆ ನಿಧಾನವಾಗಿ ಹತ್ತಿಸಿ, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಮತ್ತೆ ಅಳೆಯಿರಿ. ಆಮೇಲೆ ಕರ್ಣವನ್ನು ಅದಲುಬದಲು ಮಾಡಿ. ತಿರುಚುವಿಕೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ, ಆದರೆ ಬ್ರೇಕ್ ಹಾಕಿದಾಗ ಮತ್ತು ರಸ್ತೆಯುಬ್ಬಿನ ಮೇಲೆ ಕುಲುಕಿದಾಗ ಏನಾಗುತ್ತದೆಂಬುದು ತಿಳಿಯುವುದಿಲ್ಲ.

ಅದಕ್ಕೆ ಒಂದು ಅಗ್ಗದ ಉಪಾಯವಿದೆ. ಕ್ಯಾಂಪರ್‌ನ ಮುಂಗೋಡೆಗೆ ಬಿಳಿ ರಟ್ಟಿನ ಹಾಳೆ ಅಂಟಿಸಿ, ಕ್ಯಾಬಿನ್‌ನ ಹಿಂಗೋಡೆಯಿಂದ ಒಂದು ಸಣ್ಣ ಆಂಗಲ್ (ಎಲ್ ಆಕಾರದ ಲೋಹದ ಪಟ್ಟಿ) ಚಾಚಿ, ಅದರ ತುದಿಗೆ ಮೃದುವಾದ ಸ್ಪ್ರಿಂಗಿನ ಬೆಂಬಲದಲ್ಲಿ ದಪ್ಪ ಪೆನ್ಸಿಲ್ ಕಟ್ಟಿ, ಅದರ ಮೊನೆ ಹಾಳೆಗೆ ತಾಗುವಂತೆ ಮಾಡಿ. ಪಕ್ಕದಲ್ಲೇ ಕ್ಯಾಂಪರ್ ಗೋಡೆಯಿಂದ ಒಂದು ನಯವಾದ ಸರಳನ್ನು ಚಾಚಿ, ಅದರ ಮೇಲೆ ಬಿಗಿಯಾದ ರಬ್ಬರ್ ಉಂಗುರ ತೊಡಿಸಿ, ಕ್ಯಾಬಿನ್ ಕಡೆಯ ತೂತಿನ ತಗಡು ಉಂಗುರವನ್ನು ಹಿಂದಕ್ಕೆ ತಳ್ಳುವಂತೆ ಇಡಿ. ಹೀಗೆ ಕಟ್ಟಿಕೊಂಡು ಕಾತ್ರಜ್ ಘಟ್ಟ ಹತ್ತಿಳಿದು, ಒಂದಿಷ್ಟು ಕೆಟ್ಟ ರಸ್ತೆಯಲ್ಲೂ ಓಡಿಸಿ ಬಂದರೆ ರಟ್ಟಿನ ಮೇಲೆ ಪೆನ್ಸಿಲ್ ಗೀಚಿದ ಒಂದು ಕಪ್ಪು ಮೋಡ ಮೂಡಿರುತ್ತದೆ. ಸಾಮಾನ್ಯ ಓಡಾಟದ ಭಾಗ ನಡುವೆ ಗಾಢವಾಗಿರುತ್ತದೆ. ಅಂಚಿನಲ್ಲಿ ಒಂದೆರಡು ಒಂಟಿ ಗೆರೆಗಳು ದೂರಕ್ಕೆ ಚಿಮ್ಮಿರುತ್ತವೆ. ನಮಗೆ ಬೇಕಾದದ್ದು ಆ ಒಂಟಿ ಗೆರೆಗಳೇ. ಉಂಗುರ ನಿಂತ ಜಾಗದಿಂದ ಎರಡು ಗೋಡೆಗಳು ಅತಿ ಹತ್ತಿರ ಬಂದದ್ದೆಷ್ಟು ಎಂಬುದು ಸಿಗುತ್ತದೆ.

ಸರಿದಾಟ ಎಷ್ಟಿರುತ್ತದೆಂಬುದು ಕ್ಯಾಂಪರ್ ಕೂರಿಸಿದ ರೀತಿಯನ್ನೂ ಅವಲಂಬಿಸಿರುತ್ತದೆ. ಉಪಚೌಕಟ್ಟನ್ನು ಚಾಸಿಗೆ ಉದ್ದಕ್ಕೂ ಬಿಗಿಯಾಗಿ ಬಂಧಿಸಿದ್ದರೆ ಕೋಣೆಯ ಗೋಡೆಗಳೇ ತಿರುಚುತ್ತವೆ. ಹಿಂದೆ ಬಿಗಿ, ಮುಂದೆ ಸ್ಪ್ರಿಂಗ್ ಅಥವಾ ರಬ್ಬರ್ ಹಿಡಿತ ಎಂಬ ಪದ್ಧತಿಯಲ್ಲಿ ಕೋಣೆ ನೆಟ್ಟಗೆ ಉಳಿಯುತ್ತದೆ, ಆದರೆ ಕ್ಯಾಬಿನ್‌ಗೆ ಹೋಲಿಸಿದರೆ ಅದರ ಸರಿದಾಟ ಹೆಚ್ಚಾಗುತ್ತದೆ. ಎರಡನೆಯದೇ ಒಳ್ಳೆಯದು, ಏಕೆಂದರೆ ಬೆಲ್ಲೋಸ್ ಬದಲಾಯಿಸುವುದು ಸುಲಭ, ಬಿರುಕು ಬಿಟ್ಟ ಗೋಡೆಯನ್ನು ಸರಿಪಡಿಸುವುದು ಸುಲಭವಲ್ಲ. ಚಾಸಿಯ ತೊಲೆಯ ಮೇಲಿನ ಕೆಳಗಿನ ಅಂಚುಪಟ್ಟಿಗಳಲ್ಲಿ ಎಂದಿಗೂ ತೂತು ಕೊರೆಯಬೇಡಿ, ವೆಲ್ಡಿಂಗ್ ಮಾಡಬೇಡಿ.

ತೆರಪು ಮತ್ತು ಚೌಕಟ್ಟು

ದೊಡ್ಡವರು ಬಗ್ಗಿ ನುಸುಳಲು 600 ಮಿ.ಮೀ. ಅಗಲ, 550 ಮಿ.ಮೀ. ಎತ್ತರದ ತೆರಪು ಸಾಕು. ಇದಕ್ಕಿಂತ ದೊಡ್ಡದು ಮಾಡುವ ಆಸೆ ಸಹಜ. ಆದರೆ ತೆರಪು ದೊಡ್ಡದಾದಷ್ಟೂ ಕ್ಯಾಬಿನ್ ಸಡಿಲವಾಗುತ್ತದೆ, ಬೆಲ್ಲೋಸ್‌ನ ಮೂಲೆಗಳು ಹೆಚ್ಚು ಸರಿದಾಡುತ್ತವೆ. ಹಿಂಗೋಡೆಯ ಒಳಗಿನ ರಟ್ಟು, ಬಟ್ಟೆ ಎಲ್ಲ ಬಿಚ್ಚಿ, ನಿಲುಪಟ್ಟಿಗಳು ಎಲ್ಲಿವೆ, ಸೀಟ್‌ಬೆಲ್ಟಿನ ಹಿಡಿತ ಎಲ್ಲಿದೆ, ವೈರಿಂಗ್ ಎಲ್ಲಿ ಹಾದಿದೆ ಎಂದು ನೋಡಿ, ಯಾವ ಪಟ್ಟಿಯನ್ನೂ ಕತ್ತರಿಸದೆ ಸಿಗುವ ಜಾಗವನ್ನೇ ಆರಿಸಿಕೊಳ್ಳಿ. ಹೊರಬದಿಯಲ್ಲಿ ಏರ್ ಫಿಲ್ಟರಿನ ಕೊಳವೆ, ಸೈಲೆನ್ಸರ್ ಪೈಪು, ಬಿಎಸ್-6 ಗಾಡಿಯಾದರೆ ಹೊಗೆ ಶುದ್ಧೀಕರಣದ ಬಿಸಿ ಡಬ್ಬಿಗಳು ಬೆಲ್ಲೋಸ್‌ನ ಹತ್ತಿರ ಬರದಂತೆ ಎಚ್ಚರವಹಿಸಿ. ಅವುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಡಬ್ಬಿ ತನ್ನೊಳಗಿನ ಮಸಿಯನ್ನು ಸುಡುವಾಗ ಏರುವ ಶಾಖಕ್ಕೆ ಯಾವ ರೆಕ್ಸಿನ್ನೂ ನಿಲ್ಲುವುದಿಲ್ಲ.

ಕೊಯ್ಯುವ ಮೊದಲೇ ಬಲಪಡಿಸುವ ಚೌಕಟ್ಟನ್ನು ಗೋಡೆಗೆ ಕೂರಿಸಬೇಕೆಂಬುದು ಇಲ್ಲಿನ ಮುಖ್ಯ ನಿಯಮ. 25×25 ಮಿ.ಮೀ. ಚೌಕ ಪೈಪಿನ ಚೌಕಟ್ಟನ್ನು ಒಳಬದಿಯಿಂದ ನಿಲುಪಟ್ಟಿಗಳಿಗೆ ಸೇರಿಸಿ ಬಿಗಿದ ಮೇಲೆ ನಡುವಿನ ತಗಡನ್ನು ತೆಗೆದರೆ ಗೋಡೆ ಡೊಂಕಾಗುವುದಿಲ್ಲ. ಮೊದಲೇ ಕೊಯ್ದರೆ ತೆಳು ತಗಡು ಉಬ್ಬಿ ತಗ್ಗಿ, ಅದರ ಮೇಲೆ ಯಾವ ಚೌಕಟ್ಟೂ ಸಮವಾಗಿ ಕೂರುವುದಿಲ್ಲ. ಮೂಲೆಗಳನ್ನು ಚೂಪಾಗಿ ಬಿಡದೆ ಕನಿಷ್ಠ 75 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಮಾಡಿ. ಚೂಪು ಮೂಲೆಯಿಂದ ಬಿರುಕು ಹುಟ್ಟುತ್ತದೆ, ಬೆಲ್ಲೋಸ್ ಬಟ್ಟೆಯೂ ಅಲ್ಲಿಯೇ ಮೊದಲು ಸವೆಯುತ್ತದೆ. ಕೊಯ್ಯಲು ಗ್ರೈಂಡರ್‌ಗಿಂತ ಜಿಗ್‌ಸಾ ಉತ್ತಮ. ಗ್ರೈಂಡರಿನ ಕಿಡಿ ಗಾಜಿಗೆ ತಗುಲಿದರೆ ಅದರಲ್ಲಿ ಕಪ್ಪು ಚುಕ್ಕೆಗಳಾಗಿ ಉಳಿಯುತ್ತದೆ, ಒರೆಸಿದರೆ ಹೋಗುವುದಿಲ್ಲ. ಗ್ರೈಂಡರ್ ಬಳಸಲೇಬೇಕಾದರೆ ಗಾಜು, ಸೀಟುಗಳ ಮೇಲೆ ಒದ್ದೆ ಗೋಣಿತಾಟು ಹೊದಿಸಿ.

ವೆಲ್ಡಿಂಗ್ ಬಗ್ಗೆ ನನ್ನ ಅಭಿಪ್ರಾಯ ಶೆಡ್‌ನವರಿಗಿಂತ ಭಿನ್ನ. ಕ್ಯಾಬಿನ್ ತಗಡು ಒಂದು ಮಿಲಿಮೀಟರಿಗಿಂತ ತೆಳುವಾಗಿರುತ್ತದೆ. ಅದರ ಮೇಲೆ ವೆಲ್ಡಿಂಗ್ ಮಾಡಿದರೆ ಒಳಮಡಿಕೆಗಳಲ್ಲಿ ಕಾರ್ಖಾನೆಯ ಬಣ್ಣ ಸುಟ್ಟುಹೋಗುತ್ತದೆ, ಅಲ್ಲಿಗೆ ಬ್ರಶ್ ತಲುಪುವುದಿಲ್ಲ. ಪುಣೆಯಲ್ಲಿ ಅದು ಹೇಗೋ ಕೆಲವು ವರ್ಷ ನಡೆದೀತು. ಗೋವಾ ಅಥವಾ ಕೊಂಕಣದ ಉಪ್ಪು ಗಾಳಿಯಲ್ಲಿ ಎರಡೇ ಮಳೆಗಾಲದಲ್ಲಿ ತುಕ್ಕು ಹೊರಬರುತ್ತದೆ. ಆದ್ದರಿಂದ ಅಂಟು ಮತ್ತು ಬೋಲ್ಟುಗಳ ಜೋಡಣೆಯೇ ಲೇಸು. ವೆಲ್ಡಿಂಗ್ ಅನಿವಾರ್ಯವಾದರೆ ಬ್ಯಾಟರಿಯ ತಂತಿ ಬಿಚ್ಚಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರುಗಳನ್ನು ತೆಗೆದು, ಒಂದೊಂದು ಬದಿಗೆ ಸ್ವಲ್ಪಸ್ವಲ್ಪವೇ ಹೊಲಿಗೆಯಂತೆ ಹಾಕಿಸಿ. ಕೊಯ್ದ ಅಂಚನ್ನು ಅರದಿಂದ ಉಜ್ಜಿ, ಎಪಾಕ್ಸಿ ಪ್ರೈಮರ್ ಎರಡು ಕೋಟು ಹಚ್ಚುವುದನ್ನು ಅದೇ ದಿನ ಮುಗಿಸಿ. ಮುಂಬೈಯ ತೇವದಲ್ಲಿ ಬರಿ ಲೋಹ ಒಂದು ರಾತ್ರಿಯಲ್ಲಿ ಕೆಂಪಾಗುತ್ತದೆ.

ಈಗ ಹೊರಬದಿಯ ಚೌಕಟ್ಟು. 25×25×3 ಮಿ.ಮೀ. ಅಲ್ಯೂಮಿನಿಯಂ ಆಂಗಲ್‌ನಿಂದ ಎರಡು ಚೌಕಟ್ಟುಗಳನ್ನು ಒಂದೇ ಅಳತೆಯಲ್ಲಿ ಮಾಡಿಸಿ, ಒಂದನ್ನು ಕ್ಯಾಬಿನ್‌ಗೂ ಇನ್ನೊಂದನ್ನು ಕ್ಯಾಂಪರ್‌ಗೂ ಎದುರುಬದುರಾಗಿ ಬಿಗಿಯಬೇಕು. ಗೋಡೆಗೂ ಆಂಗಲ್‌ಗೂ ನಡುವೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಬಳಸಿ. ಸಿಲಿಕಾನ್ ಬೇಡ, ವಿನಿಗರ್ ವಾಸನೆಯ ಸಿಲಿಕಾನ್ ಲೋಹವನ್ನು ಕಚ್ಚುತ್ತದೆ, ಮೇಲಾಗಿ ಒಮ್ಮೆ ಹಚ್ಚಿದ ಜಾಗದಲ್ಲಿ ಮುಂದೆ ಬಣ್ಣವಾಗಲಿ ಅಂಟಾಗಲಿ ನಿಲ್ಲುವುದಿಲ್ಲ. ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಸೀಲೆಂಟ್ ತಯಾರಕರು ಹೇಳಿದ ಪ್ರೈಮರ್ ಹಚ್ಚಿ, ಬೆರಳು ದಪ್ಪದ ಒಂದು ಎಡೆಬಿಡದ ಗೆರೆ ಎಳೆಯಿರಿ. ಬೋಲ್ಟುಗಳನ್ನು ಮೊದಲೇ ಪೂರ್ತಿ ಬಿಗಿದರೆ ಸೀಲೆಂಟ್ ಎಲ್ಲ ಹೊರಗೆ ಹಿಂಡಿಹೋಗುತ್ತದೆ. ನಡುವೆ ಎರಡು ಮಿ.ಮೀ. ದಪ್ಪದ ಸಣ್ಣ ರಬ್ಬರ್ ತುಣುಕುಗಳನ್ನಿಟ್ಟು ಅರ್ಧ ಬಿಗಿದು, ಗಟ್ಟಿಯಾದ ಮೇಲೆ ಕೊನೆಯ ಸುತ್ತು ಕೊಡಿ. ಪಿಯು ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ದಿನಕ್ಕೆ ಮೂರು ನಾಲ್ಕು ಮಿ.ಮೀ. ಆಳದವರೆಗೆ ಮಾತ್ರ ಒಣಗುತ್ತದೆ. ಮೇಲೆ ಮುಟ್ಟಿದರೆ ಒಣಗಿದಂತೆ ಕಂಡರೂ ಎರಡು ಮೂರು ದಿನ ಗಾಡಿ ಕದಲಿಸಬಾರದು. ಅಲ್ಯೂಮಿನಿಯಂ ಮತ್ತು ಉಕ್ಕು ನೇರವಾಗಿ ತಾಗಿ ಅಲ್ಲಿ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಆದ್ದರಿಂದ ಸ್ಟೇನ್‌ಲೆಸ್ ಬೋಲ್ಟುಗಳಿಗೆ ನೈಲಾನ್ ವಾಷರ್ ಹಾಕಿ. ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಇಂತಹ ಬೋಲ್ಟು, ವಾಷರ್, ರಬ್ಬರ್ ಪಟ್ಟಿಗಳೆಲ್ಲ ಒಂದೇ ಓಣಿಯಲ್ಲಿ ಸಿಗುತ್ತವೆ. ಪುಣೆಯವರು ನಾನಾ ಪೇಠೆಯಲ್ಲಿ ವಿಚಾರಿಸಬಹುದು.

ಬೆಲ್ಲೋಸ್

ಬೆಲ್ಲೋಸ್‌ಗೆ ಬೇಕಾದ ಬಟ್ಟೆಯ ಉದ್ದವನ್ನು ಊಹೆಯಿಂದ ಹೇಳಬಾರದು. ಒಂದು ಉದಾಹರಣೆ ನೋಡೋಣ. ಸಮನೆಲದಲ್ಲಿ ಎರಡು ಚೌಕಟ್ಟುಗಳ ನಡುವಿನ ಅಂತರ 100 ಮಿ.ಮೀ.; ಅಳತೆಯಲ್ಲಿ ಕಂಡ ಗರಿಷ್ಠ ದೂರ ಸರಿತ 20, ಮೇಲೆ ಕೆಳಗೆ 25, ಎಡಬಲಕ್ಕೆ 30 ಮಿ.ಮೀ. ಎಂದಿಟ್ಟುಕೊಳ್ಳಿ. ಮೂರೂ ಒಟ್ಟಿಗೆ ಬಂದಾಗ ಒಂದು ಚೌಕಟ್ಟಿನ ಬಿಂದುವಿನಿಂದ ಎದುರಿನ ಬಿಂದುವಿಗೆ ನೇರ ದೂರ, 120, 25 ಮತ್ತು 30ರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸುಮಾರು 126 ಮಿ.ಮೀ. ಇದಕ್ಕೆ ಮೂರನೇ ಒಂದು ಭಾಗ ಸೇರಿಸಿದರೆ 168 ಆಗುತ್ತದೆ. ಬಟ್ಟೆ ಇಷ್ಟು ಉದ್ದವಿದ್ದರೆ ಎಂದೂ ಬಿಗಿಯಾಗಿ ಎಳೆಯುವುದಿಲ್ಲ. ಎರಡೂ ಬದಿಗೆ ಪಟ್ಟಿಯ ಕೆಳಗೆ ಹಿಡಿಯಲು 25 ಮಿ.ಮೀ.ನಂತೆ ಸೇರಿಸಿ, ಒಟ್ಟು 220 ಮಿ.ಮೀ. ಅಗಲದ ಬಟ್ಟೆ ಕತ್ತರಿಸಿ. ಸುತ್ತಳತೆಯೂ ಹೀಗೆಯೇ: 600×550 ಮಿ.ಮೀ. ಚೌಕಟ್ಟಿಗೆ 75 ಮಿ.ಮೀ. ದುಂಡು ಮೂಲೆಗಳಿದ್ದರೆ ಸುತ್ತಳತೆ ಸುಮಾರು 2,171 ಮಿ.ಮೀ. ಬರುತ್ತದೆ, ಜೋಡಣೆಯ ಮೇಲುಹೊದಿಕೆಗೆ ಇನ್ನೊಂದು 60 ಮಿ.ಮೀ. ಬೇಕು. ಆದರೆ ಬಟ್ಟೆ ಹೊರಕ್ಕೆ ಉಬ್ಬಬೇಕಾದ್ದರಿಂದ ನಡುಭಾಗದ ಸುತ್ತಳತೆ ಅಂಚಿನದಕ್ಕಿಂತ ದೊಡ್ಡದಿರಬೇಕು. ಇದನ್ನು ಕಾಗದದ ಮೇಲೆ ಲೆಕ್ಕ ಹಾಕುವುದಕ್ಕಿಂತ ಹಳೆಯ ರೆಕ್ಸಿನ್‌ನಲ್ಲಿ ಒಂದು ಅಚ್ಚು ಹೊಲಿಸಿ ಗಾಡಿಗೆ ತೊಡಿಸಿ ನೋಡುವುದೇ ಲೇಸು.

ಬಟ್ಟೆಯ ಆಯ್ಕೆಯಲ್ಲಿ ಮೂರು ವೈರಿಗಳನ್ನು ನೆನಪಿಡಿ: ಬಿಸಿಲು, ಡೀಸೆಲ್, ಉಜ್ಜಾಟ. ಇಪಿಡಿಎಂ ರಬ್ಬರ್ ಬಿಸಿಲು ಮಳೆಗೆ ಗಟ್ಟಿ, ಆದರೆ ಡೀಸೆಲ್ ಎಣ್ಣೆ ಬಿದ್ದರೆ ಊದಿಕೊಳ್ಳುತ್ತದೆ. ನೈಟ್ರೈಲ್ ಎಣ್ಣೆಗೆ ಹೆದರದು, ಬಿಸಿಲಿಗೆ ಸೀಳುತ್ತದೆ. ನಿಯೋಪ್ರೀನ್ ಎರಡಕ್ಕೂ ಮಧ್ಯಮ. ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದು ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಬಟ್ಟೆ, ಅಂದರೆ ಒಳ್ಳೆಯ ಟ್ರಕ್ ತಾಡಪಾಲಿನ ಬಟ್ಟೆ. ಚದರ ಮೀಟರಿಗೆ 650 ಗ್ರಾಂಗಿಂತ ಹೆಚ್ಚು ತೂಗುವುದನ್ನು ಆರಿಸಿ. ಇದರ ದೊಡ್ಡ ಗುಣವೆಂದರೆ ಬಿಸಿಗಾಳಿಯ ಯಂತ್ರದಲ್ಲಿ ಬೆಸೆಯಬಹುದು. ಸೂಜಿಯಿಂದ ಹೊಲಿದರೆ ಪ್ರತಿ ತೂತೂ ನೀರಿನ ದಾರಿ. ಗೋವಾದಲ್ಲಿರುವವರು ಗಾಳಿ ತುಂಬುವ ದೋಣಿಗಳನ್ನು ದುರಸ್ತಿ ಮಾಡುವವರನ್ನು ಹುಡುಕಿದರೆ ಈ ಬೆಸುಗೆ ಇನ್ನೂ ಅಚ್ಚುಕಟ್ಟಾಗಿ ಆಗುತ್ತದೆ. ಅವರಿಗೆ ಇದು ನಿತ್ಯದ ಕೆಲಸ.

ಉಬ್ಬು ಯಾವ ಕಡೆಗಿರಬೇಕು ಎಂಬುದನ್ನು ಬಹಳ ಜನ ಅಲಕ್ಷಿಸುತ್ತಾರೆ. ಮೇಲ್ಭಾಗದಲ್ಲಿ ಬಟ್ಟೆ ಒಳಕ್ಕೆ ಜೋತುಬಿದ್ದರೆ ಅಲ್ಲಿ ಮಳೆನೀರು ತಟ್ಟೆಯಷ್ಟು ನಿಂತು, ತೂಕಕ್ಕೆ ಇನ್ನೂ ಜೋತು, ಒಂದು ದಿನ ಬೆಸುಗೆ ಬಿಡುತ್ತದೆ. ಆದ್ದರಿಂದ ನಾಲ್ಕೂ ಬದಿಗೆ ಉಬ್ಬು ಹೊರಕ್ಕೇ ಇರಬೇಕು. ಅದಕ್ಕಾಗಿ ಬೆಲ್ಲೋಸ್‌ನ ನಟ್ಟನಡುವೆ ಸುತ್ತಲೂ ಒಂದು ಕೊಳವೆಯಂತಹ ಜೇಬು ಬೆಸೆದು, ಅದರಲ್ಲಿ ನಾಲ್ಕು ಮಿ.ಮೀ. ಫೈಬರ್ ಕಡ್ಡಿ ಅಥವಾ ಪ್ಲಾಸ್ಟಿಕ್ ಹೊದಿಸಿದ ತಂತಿಯ ಬಳೆ ತೂರಿಸಬೇಕು. ಹೀಗೆ ಮಾಡಿದಾಗ ಕೆಳಭಾಗದ ಉಬ್ಬು ಒಳಗಿನಿಂದ ನೋಡಿದರೆ ಒಂದು ತೊಟ್ಟಿಯಾಗುತ್ತದೆ. ಎಸಿ ಹಾಕಿದಾಗ ಹನಿಯುವ ನೀರು, ಚಪ್ಪಲಿಯ ಕೆಸರು ಎಲ್ಲ ಅಲ್ಲೇ ಸೇರುತ್ತದೆ. ಎರಡೂ ಕೆಳಮೂಲೆಗಳಲ್ಲಿ ಒಂದೊಂದು ಹಿತ್ತಾಳೆ ಕಣ್ಣು ಹೊಡೆದು, ಕೆಳಗೆ ಬಾಯಿ ಚಪ್ಪಟೆಯಾದ ಸಣ್ಣ ರಬ್ಬರ್ ನಳಿಗೆ ಸಿಕ್ಕಿಸಿದರೆ ನೀರು ಹೊರಹೋಗುತ್ತದೆ, ಧೂಳು ಒಳಬರುವುದಿಲ್ಲ. ಬಟ್ಟೆಯ ಜೋಡಣೆಯನ್ನು ಬದಿಯ ಕೆಳಭಾಗದಲ್ಲಿ ಇರಿಸಿ, ಮೇಲಿನ ಪದರ ಕೆಳಗಿನದರ ಮೇಲೆ ಬರುವಂತೆ, ಹೆಂಚು ಹೊದಿಸಿದ ಕ್ರಮದಲ್ಲಿ.

ಚೌಕಟ್ಟಿಗೆ ಬಟ್ಟೆಯನ್ನು ಅಂಟಿನಿಂದ ಕೂರಿಸಬೇಡಿ. ಆಂಗಲ್‌ನ ಹೊರಮೈಗೆ ಬ್ಯೂಟೈಲ್ ಟೇಪು, ಅದರ ಮೇಲೆ ಬಟ್ಟೆ, ಅದರ ಮೇಲೆ 20×3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ, ಪ್ರತಿ 75 ಮಿ.ಮೀ.ಗೆ ಒಂದು ಎಂ5 ಬೋಲ್ಟು. ಬ್ಯೂಟೈಲ್ ಗಟ್ಟಿಯಾಗದೆ ಮೃದುವಾಗಿಯೇ ಉಳಿಯುವುದರಿಂದ ಮುಂದೊಂದು ದಿನ ಬೆಲ್ಲೋಸ್ ಬದಲಿಸುವಾಗ ಚೌಕಟ್ಟು ಹಾಳಾಗುವುದಿಲ್ಲ. ಪಟ್ಟಿಯ ಅಂಚುಗಳನ್ನು ಅರ ಹಾಕಿ ದುಂಡಗೆ ಮಾಡುವುದನ್ನು ಮರೆಯಬಾರದು. ಬಟ್ಟೆ ಸೀಳುವುದು ಹೆಚ್ಚಾಗಿ ಅಲ್ಲಿಂದಲೇ. ಒಳಗಡೆ ಶಬ್ದ ಮತ್ತು ಶಾಖಕ್ಕಾಗಿ ಸಡಿಲವಾದ ಎರಡನೇ ಪದರ ಬೇಕು, ಹತ್ತು ಮಿ.ಮೀ. ಮುಚ್ಚಿದ ರಂಧ್ರದ ಫೋಮನ್ನು ಬಟ್ಟೆಯಲ್ಲಿ ಹೊಲಿದು ವೆಲ್ಕ್ರೋದಿಂದ ಅಂಟಿಸಿ, ತೊಳೆಯಲು ಬಿಚ್ಚುವಂತೆ ಇಡಿ.

ಕ್ಯಾಬಿನ್ ಬಾಗುವ ಗಾಡಿಯಲ್ಲಿ ಬೆಲ್ಲೋಸ್‌ನ ಹಿಂತುದಿ ಮಾತ್ರ ಕ್ಯಾಂಪರ್‌ಗೆ ಶಾಶ್ವತವಾಗಿ ಹಿಡಿದಿರುತ್ತದೆ. ಮುಂತುದಿಗೆ ಬೇರೆ ಒಂದು ಗಟ್ಟಿ ಚೌಕಟ್ಟು ಕೊಟ್ಟು, ಅದರ ಮುಖಕ್ಕೆ 25 ಮಿ.ಮೀ. ಸ್ಪಂಜು ರಬ್ಬರ್ ಅಂಟಿಸಿ, ಕ್ಯಾಬಿನ್ ಗೋಡೆಯ ಸಮತಟ್ಟಾದ ಚೌಕಟ್ಟಿಗೆ ನಾಲ್ಕು ಟಾಗಲ್ ಕ್ಲಾಂಪುಗಳಿಂದ (ಹಿಡಿಕೆ ಮಡಚಿದರೆ ಬಿಗಿಯುವ ಕೊಂಡಿಗಳಿಂದ) ಒತ್ತಿ ಹಿಡಿಯಬೇಕು. ಸ್ಪಂಜು ತನ್ನ ದಪ್ಪದ ಮೂರನೇ ಒಂದು ಭಾಗದಷ್ಟು ಕುಗ್ಗಿದರೆ ಸಾಕು. ಅರ್ಧಕ್ಕಿಂತ ಹೆಚ್ಚು ಒತ್ತಿದರೆ ಅದು ಮತ್ತೆ ಏಳುವುದನ್ನೇ ಮರೆಯುತ್ತದೆ. ಕ್ಲಾಂಪುಗಳು ಒಳಗಿನಿಂದ ಕೈಗೆ ಸಿಗಬೇಕು, ಮತ್ತು ಕ್ಯಾಬಿನ್ ಎತ್ತುವ ಹಿಡಿಕೆಯ ಪಕ್ಕದಲ್ಲೇ "ಮೊದಲು ಒಳಗಿನ ನಾಲ್ಕು ಕ್ಲಾಂಪ್ ಬಿಚ್ಚಿ" ಎಂದು ಮರಾಠಿ, ಹಿಂದಿಗಳಲ್ಲೂ ಬರೆದು ಅಂಟಿಸಬೇಕು. ಸರ್ವಿಸ್ ಸೆಂಟರಿನ ಹುಡುಗನಿಗೆ ಇದು ಗೊತ್ತಿರುವ ಸಂಭವವಿಲ್ಲ.

ನೀರಿಗೆ ಬೇರೆ ದಾರಿ

ಓಡುವಾಗ ಮಳೆ ಕ್ಯಾಬಿನ್‌ನ ಮಾಡಿನ ಮೇಲಿಂದ ಹಾರಿ ಕ್ಯಾಂಪರ್‌ನ ಮುಂಗೋಡೆಗೆ ಬಡಿದು, ಗೋಡೆಗುಂಟ ಇಳಿದು ನೇರವಾಗಿ ಬೆಲ್ಲೋಸ್ ಮೇಲೆ ಬೀಳುತ್ತದೆ. ಈ ಧಾರೆಯನ್ನು ಅಲ್ಲಿಗೆ ತಲುಪಲು ಬಿಡದಿರುವುದೇ ಜಾಣತನ. ಕ್ಯಾಂಪರ್ ಗೋಡೆಯ ಮೇಲೆ, ಚೌಕಟ್ಟಿಗಿಂತ ಒಂದು ಗೇಣು ಎತ್ತರದಲ್ಲಿ, ನಡುವೆ ಎತ್ತರವಾಗಿ ಎರಡೂ ಬದಿಗೆ ಇಳಿಜಾರಾಗಿ ಒಂದು ಆಂಗಲ್ ಕೂರಿಸಿದರೆ ಧಾರೆ ಎರಡಾಗಿ ಸೀಳಿ ಬದಿಗೆ ಹೋಗುತ್ತದೆ. ಅದರ ಕೆಳಗೆ ಅಂತರದ ಮೇಲೆ ಚಾಚುವ ತಗಡಿನ ಛಜ್ಜಾ ಒಂದನ್ನು ಕ್ಯಾಂಪರ್‌ಗೆ ಮಾತ್ರ ಜೋಡಿಸಿ. ಅದು ಕ್ಯಾಬಿನ್‌ಗೆ ತಾಗಬಾರದು. ಅಳತೆಯಲ್ಲಿ ಸಿಕ್ಕ ಗರಿಷ್ಠ ಸರಿದಾಟಕ್ಕಿಂತ ಹೆಚ್ಚು ಎಡೆ ಬಿಡಿ. ಇಷ್ಟಾದರೆ ಬೆಲ್ಲೋಸ್‌ಗೆ ಬರಿಯ ಸಿಡಿಹನಿಯ ಕೆಲಸ ಉಳಿಯುತ್ತದೆ, ಬಿಸಿಲಿನ ಹೊಡೆತವೂ ತಗ್ಗುತ್ತದೆ.

ಬಾಗಿಲು ಮತ್ತು ಹೊಗೆ

ಒಳದಾರಿಗೆ ಕ್ಯಾಂಪರ್ ಬದಿಯಲ್ಲಿ ಬೀಗ ಹಾಕಬಹುದಾದ ಗಟ್ಟಿ ಬಾಗಿಲು ಇರಲೇಬೇಕು. ಕಳ್ಳತನಕ್ಕಿಂತ ದೊಡ್ಡ ಕಾರಣ ಹೊಗೆ. ಕಿಟಕಿ ತೆರೆದು ಓಡಿಸುವಾಗ ಕ್ಯಾಬಿನ್‌ನೊಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಕ್ಯಾಂಪರ್‌ನ ಹಿಂದಿನ ಕಿಟಕಿಯೋ ನೆಲದ ತೂತೋ ತೆರೆದಿದ್ದರೆ ಸೈಲೆನ್ಸರಿನ ಹೊಗೆ ಅಲ್ಲಿಂದ ಒಳಬಂದು, ಒಳದಾರಿಯ ಮೂಲಕ ಚಾಲಕನವರೆಗೂ ತಲುಪುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಓಡುವಾಗ ಹಿಂದಿನ ಎಲ್ಲ ಕಿಂಡಿಗಳನ್ನು ಮುಚ್ಚುವ ರೂಢಿ ಮಾಡಿಕೊಳ್ಳಿ, ಮಲಗುವ ತಲೆಯ ಎತ್ತರದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡಿ. ಎಲ್‌ಪಿಜಿ ಒಲೆ ಇದ್ದರೆ ಅದರ ಅಲಾರಂ ನೆಲದ ಹತ್ತಿರವಿರಬೇಕು, ಏಕೆಂದರೆ ಆ ಅನಿಲ ಗಾಳಿಗಿಂತ ಭಾರ; ಅದು ಬೆಲ್ಲೋಸ್‌ನ ತಗ್ಗಿನಲ್ಲೂ ನಿಲ್ಲುತ್ತದೆ. ಬಾಗಿಲಿನ ಚಿಲಕ ಎರಡೂ ಕಡೆಯಿಂದ ತೆರೆಯುವಂತಿರಲಿ. ಬೆಂಕಿ ಬಿದ್ದಾಗ ಒಲೆಯ ಪಕ್ಕದ ಮುಖ್ಯ ಬಾಗಿಲು ಮುಚ್ಚಿಹೋದರೆ ಉಳಿಯುವ ದಾರಿ ಇದೊಂದೇ.

ಪರೀಕ್ಷೆ

ಜೂನ್ ಮೊದಲೆರಡು ವಾರದಲ್ಲಿ ಮಳೆ ಹಿಡಿಯುತ್ತದೆ. ಏಪ್ರಿಲ್ ಕೊನೆಯೊಳಗೆ ಕೆಲಸ ಮುಗಿಸಿದರೆ ಪರೀಕ್ಷೆಗೆ ಬೇಕಾದಷ್ಟು ಸಮಯ ಸಿಗುತ್ತದೆ. ಮೊದಲು ಗಾಳಿಯ ಪರೀಕ್ಷೆ. ಎಲ್ಲ ಕಿಟಕಿ ಮುಚ್ಚಿ, ಕ್ಯಾಬಿನ್‌ನ ಬ್ಲೋವರನ್ನು ಹೊರಗಾಳಿಗೆ ಇಟ್ಟು ಪೂರ್ತಿ ವೇಗದಲ್ಲಿ ಓಡಿಸಿ. ಹೊರಗಿನಿಂದ ಒಬ್ಬರು ಊದುಬತ್ತಿ ಹಚ್ಚಿ ಬೆಲ್ಲೋಸ್‌ನ ಅಂಚುಗುಂಟ ನಿಧಾನವಾಗಿ ಒಯ್ದರೆ, ಸೋರುವ ಜಾಗದಲ್ಲಿ ನೆಟ್ಟಗೆ ಏಳುತ್ತಿದ್ದ ಹೊಗೆ ಥಟ್ಟನೆ ಪಕ್ಕಕ್ಕೆ ಬಾಗುತ್ತದೆ. ಕೆಂಡವನ್ನು ಬಟ್ಟೆಯಿಂದ ದೂರವಿಟ್ಟು, ಗಾಳಿಯಿಲ್ಲದ ಶೆಡ್ಡಿನಲ್ಲಿ ಇದನ್ನು ಮಾಡಿ.

ನೀರಿನ ಪರೀಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಮಾಡಬೇಕು. ಮೇಲಿಂದ ಶುರು ಮಾಡಿದರೆ ನೀರು ಎಲ್ಲೆಲ್ಲೂ ಹರಿದು ಸೋರಿಕೆ ಎಲ್ಲಿಯದೆಂದು ತಿಳಿಯುವುದೇ ಇಲ್ಲ. ಒಳಗೆ ಚೌಕಟ್ಟಿನ ಸುತ್ತ ದಿನಪತ್ರಿಕೆಯ ಹಾಳೆ ಅಂಟಿಸಿ, ಒಬ್ಬರು ಟಾರ್ಚ್ ಹಿಡಿದು ಕೂರಲಿ. ಹೊರಗಿನವರು ಪೈಪಿನಿಂದ ಕೆಳಪಟ್ಟಿಗೆ ಐದು ನಿಮಿಷ, ಬದಿಗಳಿಗೆ ಐದು ನಿಮಿಷ, ಕೊನೆಗೆ ಮೇಲ್ಪಟ್ಟಿಗೆ ನೀರು ಹಿಡಿಯಲಿ. ಹಾಳೆ ಒದ್ದೆಯಾದ ಕೂಡಲೇ ಕಪ್ಪಾಗಿ ಕಾಣುತ್ತದೆ. ಆಮೇಲೆ ಇದನ್ನೇ ಕರ್ಣದ ಎರಡು ಚಕ್ರಗಳನ್ನು ದಿಮ್ಮಿಗಳ ಮೇಲೆ ಹತ್ತಿಸಿ ಮತ್ತೊಮ್ಮೆ ಮಾಡಿ. ಸಮನೆಲದಲ್ಲಿ ಗೆದ್ದ ಕೆಲಸ ಇಲ್ಲಿ ಸೋಲುವುದುಂಟು, ಸೋತರೆ ಹೆಚ್ಚಾಗಿ ಮೇಲಿನ ಮೂಲೆಗಳಲ್ಲಿ ಬಟ್ಟೆ ಸಾಲದೆ ಸೋಲುತ್ತದೆ. ಅಲ್ಲಿ ಸೀಲೆಂಟ್ ಬಳಿಯುವುದರಿಂದ ಪ್ರಯೋಜನವಿಲ್ಲ. ಪಟ್ಟಿ ಬಿಚ್ಚಿ ಬಟ್ಟೆ ಸಡಿಲಿಸಬೇಕು, ಇಲ್ಲವೆ ಹೊಸದನ್ನು ಕತ್ತರಿಸಬೇಕು. ಕೊನೆಯದು ಧೂಳಿನ ಪರೀಕ್ಷೆ. ಮಣ್ಣಿನ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ಬಂದು ಒಳಗಿನ ಫೋಮ್ ಪದರ ಬಿಚ್ಚಿ ನೋಡಿ. ನೀರು ನುಸುಳದ ಕಿರಿದಾದ ಸಂದಿಯಲ್ಲೂ ಕೆಂಪು ಧೂಳು ಗೆರೆ ಎಳೆದಿರುತ್ತದೆ.

ಪ್ರತಿ ವರ್ಷ ಮೇ ತಿಂಗಳಲ್ಲಿ ಬೋಲ್ಟುಗಳನ್ನು ಒಮ್ಮೆ ಬಿಗಿದು, ಕೆಳಗಿನ ನಳಿಗೆಗಳ ಕಸ ತೆಗೆದು, ಮೂಲೆಗಳಲ್ಲಿ ಬಟ್ಟೆಯ ಲೇಪ ಸವೆದು ಒಳಗಿನ ಬಿಳಿ ನೂಲು ಕಾಣುತ್ತಿದೆಯೇ ಎಂದು ನೋಡಿ. ನೂಲು ಕಂಡರೆ ಆ ಮಳೆಗಾಲಕ್ಕೆ ಮೊದಲೇ ಬೆಲ್ಲೋಸ್ ಬದಲಿಸಿ. ರೆಕ್ಸಿನ್‌ನ ಅಚ್ಚನ್ನು ಎಸೆಯದೆ, ಯಾವ ಬದಿ ಮೇಲೆ ಎಂದು ಗುರುತು ಹಾಕಿ, ಗಾಡಿಯ ಕಾಗದಪತ್ರಗಳ ಜೊತೆ ಸುತ್ತಿಟ್ಟಿದ್ದರೆ ಯಾವ ಊರಿನ ತಾಡಪಾಲು ಅಂಗಡಿಯಲ್ಲಾದರೂ ಅರ್ಧ ದಿನದಲ್ಲಿ ಹೊಸದನ್ನು ಬೆಸೆದುಕೊಡುತ್ತಾರೆ.